ಒಸಡಿಗೆ ಇಳಿಸದ ತಂತಿ

ಆ ಮಗು ಮೊದಲ ಸಲ ನನ್ನ ಕುರ್ಚಿ ಹತ್ತಿದಾಗ ಅವಳ ಹಲ್ಲು ಕಿತ್ತು ಎರಡು ವಾರ ಕಳೆದಿತ್ತು. ಕಿತ್ತವಳು ನಾನಲ್ಲ. ಇಲ್ಲೇ ಕುವೈತಿನ ಮಹಬೂಲಾದಲ್ಲಿ, ಅವಳ ತಂದೆ ಕೆಲಸ ಮಾಡುವ ಅಂಗಡಿಯ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ, ಕೀವು ತುಂಬಿ ಕೆನ್ನೆ ಊದಿಕೊಂಡಾಗ ತುರ್ತಾಗಿ ತೆಗೆಸಿದ್ದರು. ಖಾಲಿಯಾದ ಜಾಗ ಮುಚ್ಚಿಹೋಗದ ಹಾಗೆ ಏನಾದರೂ ಹಾಕಿಸಬೇಕು, ಮಕ್ಕಳ ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದು ಅಲ್ಲಿನವರು ಹೇಳಿ ಕಳಿಸಿದ್ದರು. ಹಾಗೆ ಅವರು ರಿಗ್ಗೈಯ ತಮ್ಮ ಫ್ಲಾಟಿಗೆ ಹತ್ತಿರವಿರುವ ನಮ್ಮ ಕ್ಲಿನಿಕ್ಕಿಗೆ ಬಂದರು.

ಹುಡುಗಿಗೆ ಐದು ವರ್ಷ. ತಂದೆ ತಾಯಿ ಇಬ್ಬರೂ ನಮ್ಮ ದಕ್ಷಿಣ ಕನ್ನಡದವರೇ. ಮನೆಮಾತು ಬ್ಯಾರಿ, ನನ್ನ ಜೊತೆ ಕನ್ನಡ. ನನ್ನದು ಕೊಂಕಣಿ. ಮಗು ಬ್ಯಾರಿ, ಕನ್ನಡ ಎರಡನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿತ್ತು.

"ಬೇರೆ ಏನಾದರೂ ಕಾಯಿಲೆ ಇದೆಯಾ? ಔಷಧಿ ತಗೊಳ್ತಾಳಾ? ಅಲರ್ಜಿ ಇದೆಯಾ?" ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ.

"ಎಂತದೂ ಇಲ್ಲ ಡಾಕ್ಟ್ರೆ. ಗಟ್ಟಿ ಮಗು," ಎಂದರು ತಂದೆ. ತಾಯಿ ಬಗ್ಗಿ ಮಗಳ ಚಪ್ಪಲಿಯ ಪಟ್ಟಿ ಸರಿ ಮಾಡುತ್ತಿದ್ದರು.

ಹೋಗಿದ್ದದ್ದು ಕೆಳದವಡೆಯ ಎಡಬದಿಯ ಕೊನೆಯ ಹಾಲು ಹಲ್ಲು. ಅದರ ಹಿಂದೆ, ಒಸಡಿನ ಒಳಗೆ, ಮೊದಲ ಖಾಯಂ ದವಡೆ ಹಲ್ಲು ಮೇಲೆ ಬರಲು ಕಾಯುತ್ತಿರುತ್ತದೆ. ಗೋಡೆಗೆ ಒರಗುವ ಹಾಗೆ ಹಾಲು ಹಲ್ಲಿನ ಬೆನ್ನಿಗೆ ಒರಗಿಕೊಂಡು ಅದು ನೆಟ್ಟಗೆ ಏಳಬೇಕು. ಗೋಡೆ ಇಲ್ಲದಿದ್ದರೆ ಮುಂದಕ್ಕೆ ಜಾರುತ್ತದೆ. ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ ಅಲ್ಲಿ ಬರಬೇಕಾದ ಇನ್ನೊಂದು ಹಲ್ಲಿಗೆ ಜಾಗವೇ ಉಳಿಯುವುದಿಲ್ಲ. ಎರಡು ಕಡೆಯೂ ಹಲ್ಲಿದ್ದರೆ ಕೆಲಸ ಸುಲಭ. ಒಂದು ಹಲ್ಲಿಗೆ ಲೋಹದ ಉಂಗುರ ತೊಡಿಸಿ, ಅದರಿಂದ ಹೊರಟ ತಂತಿಯ ಕುಣಿಕೆಯನ್ನು ಇನ್ನೊಂದಕ್ಕೆ ಆನಿಸಿದರೆ ಮುಗಿಯಿತು. ಇವಳಿಗೆ ಹಿಂದುಗಡೆ ಆನಿಸಲು ಹಲ್ಲೇ ಹೊರಬಂದಿರಲಿಲ್ಲ. ಇಂಥ ಕಡೆ ಮುಂದಿನ ಹಲ್ಲಿಗೆ ಉಂಗುರ ಹಾಕಿ, ತಂತಿಯನ್ನು ಒಸಡಿನ ಮೇಲೆ ಹಿಂದಕ್ಕೆ ಎಳೆದು, ಅದರ ತುದಿಯನ್ನು ಕೆಳಕ್ಕೆ ಬಗ್ಗಿಸಿ ಒಸಡಿನೊಳಗೇ ಇಳಿಸುತ್ತೇವೆ. ಮರೆಯಲ್ಲಿರುವ ಹಲ್ಲಿನ ಎದುರಿಗೆ ಆ ತುದಿ ಗೋಡೆಯಾಗಿ ನಿಲ್ಲುತ್ತದೆ. ಆ ಹಲ್ಲು ಹೊರಬರುವ ತನಕ, ಅಂದರೆ ತಿಂಗಳುಗಟ್ಟಲೆ, ಅದು ಮಾಂಸದೊಳಗೇ ಇರಬೇಕು.

ಹಲ್ಲು ಕಿತ್ತ ದಿನವೇ ಆ ಗಾಯದೊಳಗೆ ಅದನ್ನು ಕೂರಿಸುವುದು ಉತ್ತಮ. ಇಲ್ಲಿ ಗಾಯ ಮುಚ್ಚಿತ್ತು. ಒಸಡನ್ನು ಮರಗಟ್ಟಿಸಿ, ಸಣ್ಣದಾಗಿ ಕೊಯ್ದು ಇಳಿಸಬೇಕಿತ್ತು. ತಂದೆಗೆ ಅವಸರವಿತ್ತು. ಅವರ ತಂಗಿಯ ನಿಕಾಹ್. ಇಡೀ ಕುಟುಂಬ ಊರಿಗೆ ಹೊರಟಿತ್ತು. "ನಾವು ಬರುವಾಗ ಎರಡು ತಿಂಗಳು ಆಗ್ತದೆ. ಅಷ್ಟರಲ್ಲಿ ಜಾಗ ಮುಚ್ಚಿ ಹೋದ್ರೆ ಎಂತ ಮಾಡುದು? ಹೋಗುವ ಮೊದ್ಲೇ ಹಾಕಿ ಬಿಡಿ ಡಾಕ್ಟ್ರೆ," ಎಂದರು. ನನಗೂ ಅದು ಸರಿಯೆನಿಸಿತು.

ಅಚ್ಚು ತೆಗೆಯುವ ದಿನ ಮಗು ನನ್ನ ಬೆರಳು ಕಚ್ಚಿತು. ಉಂಗುರ ಕೂರಿಸಿ, ಅಚ್ಚಿನ ಹಿಟ್ಟು ತುಂಬಿದ ತಟ್ಟೆಯನ್ನು ಬಾಯೊಳಗೆ ಒತ್ತಿದರೆ ಓಕರಿಸಿ ಉಗುಳಿತು. ಮೂರನೆಯ ಸಲಕ್ಕೆ, ಮೂಗಿನಲ್ಲಿ ಉಸಿರಾಡುತ್ತಾ ಕಾಲಿನ ಹೆಬ್ಬೆರಳು ಕುಣಿಸು ಎಂದು ಹೇಳಿಕೊಟ್ಟ ಮೇಲೆ, ಅಚ್ಚು ಬಂತು. ಎಕ್ಸ್‌ರೇಯಲ್ಲಿ ಅಳತೆ ತೆಗೆದು ಪಕ್ಕದ ರಾಯ್ ಬಡಾವಣೆಯ ಲ್ಯಾಬಿಗೆ ಕಳಿಸಿದೆ. ಬಂದ ತಂತಿಯ ತುದಿ ನನಗೆ ಬೇಕಾದ್ದಕ್ಕಿಂತ ಉದ್ದವಿತ್ತು. ಹಾಗೇ ಹಾಕಿದರೆ ಒಳಗಿನ ಹಲ್ಲಿಗೇ ತಾಗುತ್ತಿತ್ತು. ವಾಪಸು ಕಳಿಸಿದೆ. ಹೀಗೆ ದಿನ ಜಾರಿ, ಹೊಸ ತಂತಿ ಕೈಗೆ ಬಂದದ್ದು ಅವರ ಪ್ರಯಾಣದ ಹಿಂದಿನ ದಿನ.

ಅವತ್ತು ಸಂಜೆ ಹೊರಗೆ ಧೂಳು ಎದ್ದಿತ್ತು. ಕಿಟಕಿಯಾಚೆ ಎಲ್ಲವೂ ಹಳದಿ. ಕಾಯುವ ಕೋಣೆ ತುಂಬಿತ್ತು. ರಜೆಗೆ ಊರಿಗೆ ಹೋಗುವ ಮುಂಚೆ ಎಲ್ಲರಿಗೂ ಮಕ್ಕಳ ಹಲ್ಲು ನೆನಪಾಗುತ್ತದೆ. ತಂದೆ ಫೋನಿನಲ್ಲಿ ಮಾತಾಡುತ್ತಾ ಹೊರಗೇ ನಿಂತರು. ತಾಯಿ ಮಗುವನ್ನು ಎತ್ತಿಕೊಂಡು ಒಳಗೆ ಬಂದರು. ಕಳೆದ ಸಲ ಓಡಿಬಂದು ಕುರ್ಚಿಯ ಗುಂಡಿ ಒತ್ತಿದ್ದ ಮಗು.

"ಇವತ್ತು ಕಚ್ಚುದಿಲ್ವಾ?" ಎಂದು ಕೇಳಿದೆ.

"ನೋ. ಐ ಆಮ್ ಟಯರ್ಡ್," ಎಂದು ಅವಳು ತಾನೇ ಮಲಗಿ ಬಾಯಿ ತೆರೆದಳು.

ಮಕ್ಕಳ ಹಲ್ಲು ನೋಡುವವರಿಗೆ ಅಳುವ ಮಗುವಿನ ಹೆದರಿಕೆ ಇರುವುದಿಲ್ಲ. ಸುಮ್ಮನೆ ಮಲಗುವ ಮಗುವನ್ನು ಎರಡು ಸಲ ನೋಡುತ್ತೇವೆ. ಹಣೆ ಮುಟ್ಟಿದೆ. ಬಿಸಿಯಿತ್ತು.

"ಜ್ವರ ಉಂಟಾ?"

"ಸಣ್ಣಕ್ಕೆ ಬಂದು ಹೋಗ್ತಾ ಉಂಟು ಡಾಕ್ಟ್ರೆ. ಸಂಜೆ ಏರ್ತದೆ, ಬೆಳಿಗ್ಗೆ ಇಳೀತದೆ. ಒಂದು ವಾರದ ಮೇಲಾಯ್ತು. ಒಬ್ರು ಡಾಕ್ಟ್ರಿಗೆ ತೋರಿಸಿದ್ದು, ಏಸಿಯ ಗಾಳಿಗೆ ಅಂತ ಹೇಳಿದ್ರು, ಸಿರಪ್ ಕೊಟ್ರು," ಎಂದರು ತಾಯಿ.

ಜ್ವರವಿದ್ದರೆ ಕೊಯ್ಯುವ ಕೆಲಸ ಬೇಡ ಎಂದು ಒಂದು ಮನಸ್ಸು. ನಾಳೆ ವಿಮಾನ ಎಂದು ಇನ್ನೊಂದು. ತಂತಿಯನ್ನು ಸುಮ್ಮನೆ ಮೇಲಿಟ್ಟು ಎಕ್ಸ್‌ರೇ ತೆಗೆದು ಅಳತೆಯನ್ನಾದರೂ ನೋಡೋಣ, ಆಮೇಲೆ ನಿರ್ಧರಿಸೋಣ ಎಂದುಕೊಂಡೆ. ಮರಗಟ್ಟಿಸುವ ಮದ್ದು ತುಂಬಿದ ಸಿರಿಂಜು ತಟ್ಟೆಯಲ್ಲಿ ಸಿದ್ಧವಾಗಿತ್ತು. ಪಕ್ಕದಲ್ಲಿ ಬ್ಲೇಡು. ಎಕ್ಸ್‌ರೇಗೆ ಮುಂಚೆ ಸಿಸ್ಟರ್ ಮಗುವಿನ ಮೈಮೇಲೆ ಸೀಸದ ಹೊದಿಕೆ ಹಾಕಿ, ಕುತ್ತಿಗೆಯ ಪಟ್ಟಿ ಬಿಗಿಯುವಾಗ ಅಂಗಿಯ ಕೊರಳು ಕೆಳಕ್ಕೆ ಸರಿಯಿತು.

ಎದೆಯ ನಡುವೆ, ಕೊರಳ ಗುಳಿಗಿಂತ ಸ್ವಲ್ಪ ಕೆಳಗೆ, ಒಂದು ಬಿಳಿ ಗೆರೆ ಶುರುವಾಗುತ್ತಿತ್ತು. ನೆಟ್ಟಗೆ ಕೆಳಕ್ಕೆ ಇಳಿದು ಅಂಗಿಯೊಳಗೆ ಹೋಗಿತ್ತು.

ನಾನು ಸಿಸ್ಟರ್ ಕೈ ಹಿಡಿದು ತಡೆದೆ. ಹೊದಿಕೆ ತೆಗೆಸಿದೆ. ಅಂಗಿಯ ಒಂದು ಗುಂಡಿ ಬಿಚ್ಚಿದೆ. ಎದೆಗೂಡು ತೆರೆದು ಹೊಲಿದ ಗಾಯ ಅದು. ಬೇರೆ ಯಾವುದೂ ಹಾಗಿರುವುದಿಲ್ಲ.

"ಇದೆಂತ?" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ತಾಯಿ ಬಾಗಿಲ ಕಡೆ ನೋಡಿದರು. ಬಾಗಿಲು ಮುಚ್ಚಿತ್ತು. "ಸಣ್ಣದಿರುವಾಗ ಆದದ್ದು. ಹೃದಯದಲ್ಲಿ ತೂತು ಇತ್ತು. ಪ್ಯಾಚ್ ಹಾಕಿದ್ದಾರೆ. ಈಗ ಸರಿ ಉಂಟು."

"ಪೂರ್ತಿ ಮುಚ್ಚಿದೆಯಾ?"

"ಒಂದು ಸಣ್ಣ ಲೀಕ್ ಉಂಟಂತೆ. ಅದಕ್ಕೆ ಎಂತ ಬೇಡ ಅಂದಿದ್ದಾರೆ. ವರ್ಷಕ್ಕೊಮ್ಮೆ ತೋರಿಸ್ಲಿಕ್ಕೆ." ಸ್ವಲ್ಪ ತಡೆದು ಅವರೇ ಹೇಳಿದರು: "ಹಲ್ಲಿಗೆ ಎಂತದಾದ್ರೂ ಮಾಡಿಸುವಾಗ ಹೇಳ್ಬೇಕು, ಮೊದ್ಲೇ ಔಷಧಿ ಕೊಡ್ಬೇಕು ಅಂತ ಆ ಡಾಕ್ಟ್ರು ಹೇಳಿದ್ದು ನಂಗೆ ನೆನಪುಂಟು. ಇವ್ರು ಬೇಡ ಅಂದ್ರು. ಹೆಣ್ಣು ಮಗು ಅಲ್ವಾ ಡಾಕ್ಟ್ರೆ. ಇಲ್ಲಿ ಹೊರಗೆ ಕೂತವರೆಲ್ಲ ನಮ್ಮ ಊರಿನವ್ರೇ. ನಾಳೆ ಸಂಬಂಧದ ಮಾತು ಬರುವಾಗ ಹಾರ್ಟ್‌ನ ಹುಡುಗಿ ಅಂತ ಹೇಳ್ತಾರೆ."

ಅವರನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲೂ ಒಬ್ಬ ಚಿಕ್ಕಮ್ಮನ ಮೂರ್ಛೆರೋಗವನ್ನು ಮದುವೆಯಾಗುವ ತನಕ 'ತಲೆಸುತ್ತು' ಎಂದೇ ಹೇಳಿಕೊಂಡು ಬಂದಿದ್ದೆವು.

ಆದರೆ ತಲೆಯೊಳಗೆ ಲೆಕ್ಕ ಓಡುತ್ತಿತ್ತು. ಹೃದಯದಲ್ಲಿ ಪ್ಯಾಚು, ಅದರ ಅಂಚಿನಲ್ಲಿ ರಕ್ತ ಜಿನುಗುವ ಜಾಗ. ಕೀವು ಕಟ್ಟಿದ ಹಲ್ಲನ್ನು ಮುಂಜಾಗ್ರತೆಯ ಔಷಧಿ ಇಲ್ಲದೆ ಕಿತ್ತಿದ್ದಾರೆ. ಆಮೇಲೆ ವಾರ ದಾಟಿದ ಜ್ವರ. ಹಲ್ಲು ಕೀಳುವಾಗ ಬಾಯಿಯ ರೋಗಾಣುಗಳು ರಕ್ತಕ್ಕೆ ಇಳಿಯುತ್ತವೆ. ಒಳ್ಳೆಯ ಹೃದಯದಲ್ಲಿ ಅವು ನಿಲ್ಲುವುದಿಲ್ಲ. ಇಂಥ ಹೃದಯದಲ್ಲಿ ಆ ಅಂಚಿಗೆ ಅಂಟಿಕೊಂಡು ಬೆಳೆಯಬಹುದು. ಬೆಳೆದರೆ ಹೃದಯವನ್ನೇ ತಿನ್ನುತ್ತವೆ.

ಇದು ಬರೀ ಸೀಸನ್ ಜ್ವರವೂ ಆಗಿರಬಹುದಿತ್ತು. ಐದು ವರ್ಷದ ಮಕ್ಕಳಿಗೆ ಜ್ವರ ಬರುವುದು ಹೊಸತಲ್ಲ. ನಾನು ಹಲ್ಲಿನ ಡಾಕ್ಟರು.

"ಆಂಟಿಬಯೋಟಿಕ್ ಏನಾದರೂ ಕೊಟ್ಟಿದ್ದೀರಾ?"

ಅವರು ಚೀಲದಿಂದ ಒಂದು ಬಾಟಲಿ ತೆಗೆದರು. ತಂದೆಯ ಗೆಳೆಯರೊಬ್ಬರು ಫಾರ್ಮಸಿಯಲ್ಲಿದ್ದಾರೆ, ಅವರು ಕೊಟ್ಟದ್ದು. ಮುಚ್ಚಳ ಒಡೆದಿರಲಿಲ್ಲ. "ನಾಳೆ ಪ್ರಯಾಣ ಅಲ್ವಾ, ನಿಮ್ಮ ಹತ್ರ ಕೇಳಿ ಇವತ್ತಿನಿಂದ ಶುರು ಮಾಡುವಾಂತ."

"ಒಂದು ಚಮಚವೂ ಕೊಡಬೇಡಿ," ಎಂದೆ. ಆ ಔಷಧಿ ಹೋದರೆ ಜ್ವರ ಬಹುಶಃ ಇಳಿಯುತ್ತಿತ್ತು. ಮಗು ನಗುತ್ತಾ ವಿಮಾನ ಹತ್ತುತ್ತಿತ್ತು. ರಕ್ತದಲ್ಲಿರುವ ರೋಗಾಣು ಪರೀಕ್ಷೆಗೆ ಸಿಗದ ಹಾಗೆ ಅಡಗುತ್ತಿತ್ತು, ಸಾಯುತ್ತಿರಲಿಲ್ಲ. ಮದುವೆ ಮನೆಯ ಗಲಾಟೆಯಲ್ಲಿ ಮತ್ತೆ ಜ್ವರ ಬಂದಾಗ ಯಾರು ಹಲ್ಲನ್ನು ನೆನಪಿಸಿಕೊಳ್ಳುತ್ತಿದ್ದರು?

ತಂದೆಯನ್ನು ಒಳಗೆ ಕರೆಸಿದೆ. ಹೆಂಡತಿಯ ಮುಖ ನೋಡಿದ ಕೂಡಲೇ ಅವರಿಗೆ ವಿಷಯ ತಿಳಿಯಿತು.

"ಅದೆಲ್ಲ ಮುಗ್ದು ನಾಲ್ಕು ವರ್ಷ ಆಯ್ತು ಡಾಕ್ಟ್ರೆ. ಆಪರೇಷನ್ ಮಾಡಿದವರೇ ಸರಿ ಉಂಟು ಹೇಳಿದ್ದಾರೆ," ಎಂದರು.

"ಇವಳನ್ನು ಈಗಲೇ ಆಸ್ಪತ್ರೆಗೆ ಕರಕೊಂಡು ಹೋಗಬೇಕು. ರಕ್ತ ತೆಗೆದು, ಅದರಲ್ಲಿ ರೋಗಾಣು ಬೆಳೆಯುತ್ತದಾ ಎಂದು ನೋಡಲು ಕಲ್ಚರಿಗೆ ಹಾಕಬೇಕು. ನಾಳೆ ನೀವು ಹೊರಡುವ ಹಾಗಿಲ್ಲ."

"ನಾಳೆ ಫ್ಲೈಟ್! ನನ್ನ ತಂಗಿಯ ಮದುವೆ. ಮನೆಗೆ ನಾನೇ ದೊಡ್ಡವ. ಎಂತ ಹೇಳಿ ನಿಲ್ಲುದು? ಮಗಳಿಗೆ ಹಾರ್ಟ್ ಅಂತ ಹೇಳ್ಲಾ?" ಅವರ ದನಿ ಏರಿತು. "ನಾವು ಬಂದದ್ದು ಹಲ್ಲಿಗೆ. ಜ್ವರವನ್ನು ಊರಲ್ಲಿ ತೋರಿಸ್ತೇನೆ. ನೀವು ಆ ತಂತಿ ಹಾಕಿ ಕೊಡಿ, ಖಲಾಸ್."

ನಾನು ಆ ತಂತಿಯನ್ನು ಅವರ ಅಂಗೈಯಲ್ಲಿಟ್ಟೆ. ಕೆಳಕ್ಕೆ ಬಾಗಿದ ತುದಿಯ ಮೇಲೆ ಅವರ ಬೆರಳನ್ನು ಆನಿಸಿದೆ. "ಇಷ್ಟು ಭಾಗ ಅವಳ ಒಸಡಿನೊಳಗೆ ಇರುತ್ತದೆ. ಅದರ ಸುತ್ತಲಿನ ಗಾಯ ಪೂರ್ತಿ ಮುಚ್ಚುವುದೇ ಇಲ್ಲ. ಬಾಯಿಯಿಂದ ರಕ್ತಕ್ಕೆ ತಿಂಗಳುಗಟ್ಟಲೆ ತೆರೆದಿಟ್ಟ ಬಾಗಿಲು ಇದು. ಬೇರೆ ಮಗುವಿಗೆ ನಡೆಯುತ್ತದೆ. ಇವಳಿಗೆ ನಾನು ಹಾಕುವುದಿಲ್ಲ. ಇವತ್ತು ಮಾತ್ರ ಅಲ್ಲ, ಯಾವತ್ತೂ ಹಾಕುವುದಿಲ್ಲ."

ಅವರು ತಂತಿಯನ್ನು ತಟ್ಟೆಗೆ ಎಸೆದು ಮಗುವನ್ನು ಎತ್ತಿಕೊಂಡರು. "ಚಲೋ," ಎಂದು ಹೆಂಡತಿಗೆ ಹೇಳಿ ಬಾಗಿಲು ತೆರೆದರು.

ಅವರು ಆಸ್ಪತ್ರೆಗೆ ಹೋಗುವುದಿಲ್ಲ, ನೇರ ಮನೆಗೆ ಹೋಗಿ ಆ ಔಷಧಿಯ ಬಾಟಲಿ ತೆರೆಯುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಒಂದು ಚೀಟಿ ಬರೆದು ಕೊಟ್ಟರೆ ನನ್ನ ಕರ್ತವ್ಯ ಮುಗಿಯುತ್ತಿತ್ತು. ಹೊರಗೆ ಕಾಯುವವರು ತುಂಬಿದ್ದರು. ಕೈಗವಸು ಕಳಚಿ ಅವರ ಹಿಂದೆಯೇ ನಡೆದೆ. ಎದುರಾದ ಮ್ಯಾನೇಜರಿಗೆ, ಉಳಿದ ಮಕ್ಕಳನ್ನು ಬೇರೆ ದಿನಕ್ಕೆ ಹಾಕಿ ಎಂದೆ. ಅವರು ಏನೋ ಹೇಳುತ್ತಿದ್ದರು, ನಿಂತು ಕೇಳಲಿಲ್ಲ.

ಕಾರಿನ ಹತ್ತಿರ ತಂದೆಯನ್ನು ಹಿಡಿದೆ. "ನಾನೂ ಬರುತ್ತೇನೆ. ಆಸ್ಪತ್ರೆಯಲ್ಲಿ ನಾನೇ ಮಾತಾಡುತ್ತೇನೆ. ರಕ್ತದಲ್ಲಿ ಏನೂ ಸಿಗದಿದ್ದರೆ ನಿಮ್ಮ ಮನೆಯವರಿಗೆ ಫೋನ್ ಮಾಡಿ, ತಪ್ಪು ನನ್ನದು, ಹಲ್ಲಿನ ಡಾಕ್ಟರು ಸುಮ್ಮನೆ ಹೆದರಿಸಿದ್ದು ಅಂತ ನಾನೇ ಹೇಳುತ್ತೇನೆ."

ಅವರು ಮಗುವನ್ನು ಹೆಂಡತಿಗೆ ಕೊಟ್ಟು ಸ್ಟಿಯರಿಂಗ್ ಹಿಡಿದು ಕೂತರು. ತಾಯಿ ಹಿಂದಿನ ಬಾಗಿಲು ತೆರೆದು ಕೂತು, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು. ಮಗು ನಮ್ಮಿಬ್ಬರ ನಡುವೆ ಮಲಗಿತು. ಧೂಳಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪವಷ್ಟೇ ಕಾಣುತ್ತಿತ್ತು. ಆಸ್ಪತ್ರೆಯ ಕಡೆಯ ತಿರುವು ಬರುವ ತನಕ ನಾನು ತಂದೆಯ ಕೈಗಳನ್ನೇ ನೋಡುತ್ತಿದ್ದೆ. ಕೈಗಳು ಆಸ್ಪತ್ರೆಯ ಕಡೆಗೇ ತಿರುಗಿದವು.

ಸರಕಾರಿ ಆಸ್ಪತ್ರೆಯ ಮಕ್ಕಳ ತುರ್ತು ವಿಭಾಗದಲ್ಲಿ ಕೂರಲು ಜಾಗವಿರಲಿಲ್ಲ. ಧೂಳಿಗೆ ಉಬ್ಬಸ ಬಂದ ಮಕ್ಕಳೇ ಅರ್ಧ. ನಮ್ಮ ಸರದಿ ಬಂದಾಗ ಡ್ಯೂಟಿಯ ಡಾಕ್ಟರ್, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಗಂಟಲಿಗೆ ಟಾರ್ಚು ಹಾಕಿ, ಕೆಂಪಾಗಿದೆ, ವೈರಲ್ ಎಂದು ಬರೆಯತೊಡಗಿದರು. ನಾನು ಯಾರೆಂದು ಹೇಳಿಕೊಂಡೆ. ಪ್ಯಾಚು, ಲೀಕು, ಕಿತ್ತ ಹಲ್ಲು, ಜ್ವರದ ದಿನಗಳನ್ನು ಒಂದೊಂದಾಗಿ ಹೇಳಿದೆ. ಬರೆಯುತ್ತಿದ್ದ ಕೈ ನಿಂತಿತು.

"ಆಂಟಿಬಯೋಟಿಕ್?"

"ಇನ್ನೂ ಕೊಟ್ಟಿಲ್ಲ."

"ಒಳ್ಳೇದಾಯ್ತು," ಎಂದು ಅವರು ಸ್ಟೆತಸ್ಕೋಪನ್ನು ಮಗುವಿನ ಎದೆಯ ಮೇಲಿಟ್ಟರು. ಬಹಳ ಹೊತ್ತು ಕೇಳಿದರು. ಬೆನ್ನಿಗಿಟ್ಟು ಕೇಳಿದರು. ಮತ್ತೆ ಎದೆಗೆ ಬಂದರು. ಸದ್ದು ಇದೆ, ಆದರೆ ಅದು ಹಳೆಯ ಲೀಕಿನದ್ದೋ ಹೊಸತೋ ಹೇಳಲಾರೆ ಎಂದು ಹೃದಯ ವಿಭಾಗಕ್ಕೆ ಫೋನ್ ಮಾಡಿದರು.

ರಕ್ತವನ್ನು ಮೂರು ಸಲ, ಬೇರೆ ಬೇರೆ ಜಾಗದಿಂದ, ಬಿಡುವು ಕೊಟ್ಟು ತೆಗೆಯಬೇಕಿತ್ತು. ಮೊದಲನೆಯ ಸಲ ನರ ಸಿಕ್ಕಿತು. ಎರಡನೆಯ ಸಲ ಸಿಗಲಿಲ್ಲ. ಮೊಣಕೈ, ಅಂಗೈಯ ಹಿಂಭಾಗ, ಪಾದ. ಅಷ್ಟು ಹೊತ್ತೂ ಸುಮ್ಮನಿದ್ದ ಮಗು ಆಗ ಕೂಗಿತು. ತಂದೆ ಗೋಡೆಗೆ ಮುಖ ಮಾಡಿ ನಿಂತರು. ನಾನು ಮಗುವಿನ ಕಾಲು ಹಿಡಿದುಕೊಂಡಿದ್ದೆ. ಹಿಡಿದವಳು ನಾನೇ ಎಂದು ಅವಳಿಗೆ ಗೊತ್ತಿತ್ತು; ನನ್ನನ್ನೇ ನೋಡುತ್ತಾ ಅತ್ತಳು. ಇದೆಲ್ಲ ಬರೀ ನೆಗಡಿಜ್ವರಕ್ಕೆ ಆಗುತ್ತಿದ್ದರೆ ಎಂಬ ಯೋಚನೆ ಬಂತು. ಹಾಗೇ ಆಗಲಿ ಎಂದೂ ಬೇಡಿಕೊಂಡೆ.

ಮಗುವನ್ನು ದಾಖಲು ಮಾಡಿಕೊಂಡರು. ಮರುದಿನ ವಿಮಾನ ಅವರಿಲ್ಲದೆ ಹೋಯಿತು. ಮಗುವಿಗೆ ಟೈಫಾಯಿಡ್ ಎಂದು ಊರಿಗೆ ಹೇಳಿದರಂತೆ.

ಕಲ್ಚರಿನ ಉತ್ತರ ಬರುವ ತನಕ ನಾನು ಕ್ಲಿನಿಕ್ಕಿನಲ್ಲಿ ಹಲ್ಲು ತುಂಬಿಸಿದೆ, ಬೇರು ಶುಚಿ ಮಾಡಿದೆ, ಆದರೆ ಫೋನು ಗುಂಯ್‌ಗುಟ್ಟಿದಾಗಲೆಲ್ಲ ಕೈ ತಡೆಯುತ್ತಿತ್ತು. ಕೊನೆಗೆ ಫೋನ್ ಮಾಡಿದ್ದು ತಾಯಿ. "ಡಾಕ್ಟ್ರೆ, ರಕ್ತದಲ್ಲಿ ಸಿಕ್ಕಿತಂತೆ. ಬಾಯಿಯಲ್ಲಿ ಇರುವ ಜಾತಿಯದ್ದೇ ಅಂತ ಹೇಳಿದ್ರು." ಸ್ಕ್ಯಾನಿನಲ್ಲಿ ಪ್ಯಾಚಿನ ಅಂಚಿಗೆ ಚಿಕ್ಕದೊಂದು ಗಂಟು ಕಂಡಿತ್ತು. ಕವಾಟಕ್ಕೆ ಇನ್ನೂ ತಾಗಿರಲಿಲ್ಲ. ಹೃದಯದ ಡಾಕ್ಟರು, ಬೇಗ ಬಂದಿರಿ ಎಂದಷ್ಟೇ ಹೇಳಿದ್ದರಂತೆ.

ನಾಲ್ಕು ವಾರ ನರದ ಮೂಲಕ ಔಷಧಿ ಹೋಯಿತು. ಒಮ್ಮೆ ನೋಡಲು ಹೋದಾಗ ತಂದೆ ವಾರ್ಡಿನ ಹೊರಗೆ ಕೂತಿದ್ದರು. ಗಡ್ಡ ಬೆಳೆದಿತ್ತು. ನಾನು ಪಕ್ಕದಲ್ಲಿ ಕೂತೆ. "ಹಲ್ಲು ತೆಗೆದಲ್ಲೂ ಕೇಳಿದ್ರು. ನಾನೇ ಇಲ್ಲ ಅಂದದ್ದು," ಎಂದರು. ಆ ದಿನ ಊರಲ್ಲಿ ಅವರ ತಂಗಿಯ ನಿಕಾಹ್ ಇತ್ತೆಂದು ಒಳಗೆ ಹೋದ ಮೇಲೆ ತಾಯಿ ಹೇಳಿದರು.

ಚಳಿ ಶುರುವಾದ ಮೇಲೆ ಅವರು ಮತ್ತೆ ಕ್ಲಿನಿಕ್ಕಿಗೆ ಬಂದರು. ಖಾಯಂ ಹಲ್ಲು ಹೊರಬಂದಿತ್ತು, ನಾನು ಹೆದರಿದ್ದ ಹಾಗೆಯೇ ಮುಂದಕ್ಕೆ ವಾಲಿತ್ತು. ಸ್ವಲ್ಪ ಜಾಗ ಹೋಗಿತ್ತು; ಮುಂದೆ ದೊಡ್ಡವಳಾದಾಗ ಹಲ್ಲಿಗೆ ಕ್ಲಿಪ್ಪು ಬೇಕಾಗಬಹುದು. ಉಳಿದ ಜಾಗವನ್ನಾದರೂ ಕಾಯಬಹುದಿತ್ತು. ಈಗ ಹಿಂದೆ ಹಲ್ಲಿತ್ತು. ಅದಕ್ಕೆ ಉಂಗುರ ತೊಡಿಸಿ ಕುಣಿಕೆಯನ್ನು ಮುಂದಿನ ಹಲ್ಲಿಗೆ ಆನಿಸಿದರೆ ಸಾಕು, ಒಸಡಿನೊಳಗೆ ಏನೂ ಇಳಿಸಬೇಕಿಲ್ಲ. ಹೃದಯದ ಡಾಕ್ಟರ ಒಪ್ಪಿಗೆ ತರಿಸಿದೆ. ಉಂಗುರ ಕೂರಿಸುವ ದಿನ, ಒಂದು ಗಂಟೆ ಮೊದಲೇ ಔಷಧಿ ಕುಡಿಸಿ ಕಾಯಬೇಕೆಂದು ಹೇಳಿದ್ದೆ.

ಅವತ್ತು ಕಾಯುವ ಕೋಣೆಯಲ್ಲಿ ನಮ್ಮ ಕಡೆಯವರೇ ನಾಲ್ಕೈದು ಮನೆಯವರಿದ್ದರು. ನಾನು ಒಳಗೆ ಕೈ ತೊಳೆಯುತ್ತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಮಗುವಿಗೆ ಔಷಧಿ ಯಾಕೆ ಎಂದು ಕೌಂಟರಿನ ಹುಡುಗಿ ಕೇಳಿದಳು. ತಂದೆ ಸುತ್ತ ನೋಡಿ, "ಅದು... ಡಾಕ್ಟ್ರಿಗೆ ಗೊತ್ತುಂಟು," ಎಂದರು.

"ನನ್ನ ಮಗಳಿಗೆ ಹೃದಯದ ಆಪರೇಷನ್ ಆಗಿದೆ," ಎಂದರು ತಾಯಿ. ಅಷ್ಟು ದೊಡ್ಡ ದನಿ ಅವರಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. "ಹಲ್ಲಿನ ಕೆಲಸಕ್ಕೆ ಮೊದ್ಲು ಔಷಧಿ ಕೊಡ್ಲೇಬೇಕು. ಹೋದ ಸಲ ನಾವು ಹೇಳದೆ ಮಗು ಹೋಗುದ್ರಲ್ಲಿತ್ತು. ಬರ್ಕೊಳ್ಳಿ."

ಕೂತವರೆಲ್ಲ ಅವರ ಕಡೆ ತಿರುಗಿದರು. ಆಮೇಲೆ ಯಾರೋ ಒಬ್ಬರು, ಯಾವಾಗ ಆದದ್ದು ಎಂದು ಕೇಳಿದರು. ತಾಯಿ ಹೇಳತೊಡಗಿದರು. ತಂದೆ ತಲೆ ತಗ್ಗಿಸಿದರು, ಎದ್ದು ಹೋಗಲಿಲ್ಲ.

ಗಂಟೆ ಕಳೆದ ಮೇಲೆ ಉಂಗುರ ಕೂರಿಸಿದೆ. ಮಗು ನನ್ನ ಬೆರಳನ್ನು ಜೋರಾಗಿ ಕಚ್ಚಿತು. ಅವರನ್ನು ಕಳಿಸಿ ಮುಂದಿನ ಮಗುವನ್ನು ಕರೆದೆ. ಏಳೆಂಟು ವರ್ಷದ ಹುಡುಗ, ಎರಡು ವರ್ಷದಿಂದ ನನ್ನ ಬಳಿಗೇ ಬರುವವನು. ಅವನ ತಾಯಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದಕ್ಕೆ ಹೋಗಿ ಬಾಗಿಲು ಮುಚ್ಚಿದರು.

"ಡಾಕ್ಟ್ರೆ," ಎಂದರು, "ಇವನದ್ದೂ ನಿಮಗೊಂದು ಹೇಳ್ಲಿಕ್ಕೆ ಉಂಟು."